ಪಕ್ಕದ ಸೀಟಿಗೆ ಬ್ರೇಕ್ ಇಲ್ಲ

ಮಾರ್ಚ್ ೩, ಸೋಮವಾರ

ಕೊಂಡುಬಿಟ್ಟೆ. ಯಾರೋ ಆರು ವರ್ಷ ಓಡಿಸಿ ಬಿಟ್ಟ ಗಾಡಿ, ಆದರೂ ನನ್ನ ಕಣ್ಣಿಗೆ ಹೊಚ್ಚಹೊಸದು. ಕಡುನೀಲಿ ಬಣ್ಣದ ಕೂಪೆ ಎಸ್‌ಯುವಿ. ಮುಂದಿನಿಂದ ನೋಡಿದರೆ ಗೂಳಿಯ ಹಾಗಿದೆ. ಹಿಂದೆ ಮಾತ್ರ ಚಾವಣಿ ಜಾರುಬಂಡೆಯಂತೆ ಇಳಿದಿದೆ. ಎಲ್ಲರೂ ನಕ್ಕ ಆ ಇಳಿಜಾರಿಗೇ ನಾನು ಮರುಳಾದದ್ದು.

ಮೂವತ್ತು ವರ್ಷ ಊರಿನ ಜನಕ್ಕೆ ಕಾರು ಕಲಿಸಿದೆ. ಅಷ್ಟೂ ವರ್ಷ ಕೂತದ್ದು ಪಕ್ಕದ ಸೀಟಿನಲ್ಲಿ, ಕಾಲಡಿಯಲ್ಲಿ ನನ್ನದೇ ಒಂದು ಬ್ರೇಕ್ ಇಟ್ಟುಕೊಂಡು. ಕಲಿಯುವವರು ಸ್ಟಿಯರಿಂಗ್ ಹಿಡಿದುಕೊಂಡರೆ ನಾನು ಜೀವ ಹಿಡಿದುಕೊಳ್ಳುತ್ತಿದ್ದೆ. ಹೋದ ತಿಂಗಳು ಡ್ರೈವಿಂಗ್ ಶಾಲೆಯನ್ನು ಅದರ ಪುಟ್ಟ ಕಾರುಗಳ ಸಮೇತ ಮಾರಿದೆ. ಮಾರಿದ ದಿನವೇ ತೀರ್ಮಾನವೂ ಆಗಿತ್ತು. ಇನ್ನು ನನ್ನ ಕಾರು, ನನ್ನ ಸ್ಟಿಯರಿಂಗ್, ನನಗೆ ಬೇಕಾದ ರಸ್ತೆ.

ಗೊತ್ತಿದ್ದವರೆಲ್ಲ ಬೇಡವೆಂದರು. ಇಂಥ ದೊಡ್ಡ ಗಾಡಿಗಳು ಹಳೆಯದಾದ ಮೇಲೆ ನಂಬುವ ಹಾಗಿಲ್ಲ, ಒಂದು ದೀಪ ಕೆಟ್ಟರೂ ಸಮುದ್ರದಾಚೆಯಿಂದ ತರಿಸಬೇಕು, ಅದರ ತುಂಬ ತಂತಿ, ತಂತಿಯ ತುಂಬ ರೋಗ ಎಂದರು. ಶೋರೂಮಿನ ಟೈ ಕಟ್ಟಿದ ಯುವಕ ಮಾತ್ರ ನಗುತ್ತಲೇ ಇದ್ದ.

"ಒಂದು ತಿಂಗಳು ಓಡಿಸಿ ನೋಡಿ ಮೇಡಂ. ಮನಸ್ಸಿಗೆ ಬರ್ಲಿಲ್ವಾ, ಏಪ್ರಿಲ್ ಮೂರನೇ ತಾರೀಕು ಸಂಜೆ ನಾವು ಶಟರ್ ಎಳೆಯೋದ್ರೊಳಗೆ ತಂದು ನಿಲ್ಲಿಸಿ. ದುಡ್ಡು ವಾಪಸ್. ಅದಾದ ಮೇಲೆ ಮಾತ್ರ ಏನೇ ಆದ್ರೂ ನಿಮ್ಮದೇ."

ಗಾಡಿ ಮನೆ ಮುಂದೆ ಬಂದಾಗ ಇವರು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಹೊರಗೆ ಬಂದರು. ನನ್ನ ಗಂಡ ದರ್ಜಿ. ಮನೆ ಮೇಲೆ, ಅಂಗಡಿ ಕೆಳಗೆ. ಎಂಜಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ಸೀಟಿನ ಮೇಲೆ ಹೆಬ್ಬೆರಳು ಓಡಿಸಿ, "ಚರ್ಮ ಒಳ್ಳೇದು. ಒಂದು ಕಡೆ ಹೊಲಿಗೆ ಬಿಟ್ಟಿದೆ," ಎಂದು ಹೇಳಿ ಒಳಗೆ ಹೋದರು.

ನಾಳೆ ಬೆಳಗ್ಗೆ ರಸ್ತೆ ಖಾಲಿ ಇರುವಾಗ ಒಬ್ಬಳೇ ಹೋಗುತ್ತೇನೆ. ಈ ವಯಸ್ಸಿನಲ್ಲಿ ನಿದ್ದೆ ಬರದಷ್ಟು ಖುಷಿ ಎಂದರೆ ನಾಚಿಕೆಯಾಗುತ್ತದೆ.

ಮಾರ್ಚ್ ೫, ಬುಧವಾರ

ಆಸ್ಪತ್ರೆಯಲ್ಲಿದ್ದೇನೆ. ಕೀಲಿ ಕೈಯಲ್ಲಿ ಹಿಡಿದು, ಕಾರನ್ನು ನೋಡುತ್ತ ಮೆಟ್ಟಿಲಿಳಿದೆ. ಕೊನೆಯ ಮೆಟ್ಟಿಲು ಇದೆ ಎಂಬುದೇ ಮರೆತುಹೋಯಿತು. ಬಲ ಮೊಣಕಾಲಿನ ಒಳಗೆ ಏನೋ ಹರಿದಿದೆಯಂತೆ, ನಾಳೆ ಆಪರೇಷನ್. "ಎದುರಿಗೆ ನೋಡಿ, ಎದುರಿಗೆ ನೋಡಿ" ಎಂದು ಮೂವತ್ತು ವರ್ಷ ಅರಚಿದವಳು ನಾನು.

ಆರು ವಾರ ಕಾರು ಓಡಿಸಬಾರದು ಎಂದರು ಡಾಕ್ಟರು. ಅಲ್ಲಿಗೆ ಏಪ್ರಿಲ್ ಮೂರು ದಾಟಿ ಹೋಗಿರುತ್ತದೆ.

ಮಾರ್ಚ್ ೯, ಭಾನುವಾರ

ಮನೆಗೆ ಬಂದೆ. ಹಾಸಿಗೆಯಿಂದ ಕಿಟಕಿ ಕಾಣುತ್ತದೆ, ಕಿಟಕಿಯಿಂದ ಕಾರು. ಹಕ್ಕಿಗಳು ಅದನ್ನು ಆಗಲೇ ತಮ್ಮದೆಂದು ಗುರುತು ಮಾಡಿಬಿಟ್ಟಿವೆ.

ಮಲಗಿಕೊಂಡು ಯೋಚಿಸಲು ಬೇರೇನೂ ಇಲ್ಲ. ಇಟ್ಟುಕೊಳ್ಳಬೇಕೋ ಹಿಂದಿರುಗಿಸಬೇಕೋ? ಗಾಡಿ ಓಡಿದರೆ ತಾನೇ ಅದರ ರೋಗ ಗೊತ್ತಾಗುವುದು. ಮನೆ ಮುಂದೆ ನಿಂತ ಗಾಡಿ ಯಾವಾಗಲೂ ಆರೋಗ್ಯವಾಗಿಯೇ ಇರುತ್ತದೆ. ನಾನು ಓಡಿಸುವ ಹಾಗಿಲ್ಲ. ಹಳೆಯ ಶಿಷ್ಯರನ್ನು ಕರೆಯೋಣವೆಂದರೆ ಅವರು ಹೇಗೆ ಓಡಿಸುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಉಳಿದವರು ಒಬ್ಬರೇ.

ಇವರ ಹತ್ತಿರ ಲೈಸೆನ್ಸ್ ಇದೆ. ಮದುವೆಯಾದ ಹೊಸದರಲ್ಲಿ ನಾನೇ ಕಲಿಸಿದ್ದೆ. ಮೊದಲ ಸಲಕ್ಕೇ ಪಾಸಾದರು, ಮಾರನೆಯ ದಿನ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತವರು ಎದ್ದೇ ಇಲ್ಲ. "ಅಂಗಡಿಗೂ ಮನೆಗೂ ಮಧ್ಯೆ ಇರೋದು ಮೆಟ್ಟಿಲು. ಅಲ್ಲಿಗೆ ಕಾರ್ ಯಾಕೆ?" ಎನ್ನುತ್ತಾರೆ. ಆ ಲೈಸೆನ್ಸು ಬ್ಯಾಂಕಿನಲ್ಲಿ ಮುಖ ತೋರಿಸಲು ಉಪಯೋಗಕ್ಕೆ ಬಂದದ್ದೇ ಹೆಚ್ಚು.

ಕೇಳಿದೆ. ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡಿ ಎಂದು ಯಾರೋ ಕೇಳಿದ ಹಾಗೆ, "ಸರಿ, ಯಾವಾಗ ಬೇಕು?" ಎಂದರು.

ಮಾರ್ಚ್ ೧೨, ಬುಧವಾರ

ಇವತ್ತು ಗಾಡಿ ನಮ್ಮ ಬೀದಿ ದಾಟಿತು. ಊರುಗೋಲನ್ನು ಹಿಂದಿನ ಸೀಟಿಗೆ ಹಾಕಿ ನಾನು ಪಕ್ಕದಲ್ಲಿ ಕೂತೆ. ಕೂತವಳೇ ಚೀಲದಿಂದ ಶಾಲೆಯ ಕನ್ನಡಿ ತೆಗೆದೆ. ಕಲಿಸುವವರು ಗಾಜಿಗೆ ಅಂಟಿಸಿಕೊಳ್ಳುವ, ಹಿಂದೆ ರಬ್ಬರ್ ಬಟ್ಟಲಿರುವ ಪುಟ್ಟ ಕನ್ನಡಿ. ಶಾಲೆ ಮಾರಿದರೂ ಅದನ್ನು ಮಾರಿರಲಿಲ್ಲ.

"ಇದ್ಯಾಕೆ?" ಎಂದರು ಇವರು.

"ಹಿಂದೆ ಏನು ಬರ್ತಿದೆ ನೋಡೋಕೆ."

"ಅದಕ್ಕೆ ನನ್ನ ಹತ್ರ ಒಂದು ಕನ್ನಡಿ ಇದೆಯಲ್ಲ."

"ಅದನ್ನ ನೀವು ನೋಡ್ತೀರೋ ಇಲ್ವೋ ನೋಡೋಕೆ."

ಅವರು ಸೀಟು ಸರಿಮಾಡಿಕೊಂಡು, ಬೆಲ್ಟ್ ಹಾಕಿಕೊಂಡು, ಅಳತೆ ತೆಗೆಯುವ ಮುನ್ನ ಗಿರಾಕಿಯನ್ನು ನೋಡುವಂತೆ ಒಮ್ಮೆ ಉದ್ದಕ್ಕೂ ರಸ್ತೆಯನ್ನು ನೋಡಿ ಹೊರಟರು.

ಮೊದಲ ತಿರುವಿನಲ್ಲೇ ಎಡವಟ್ಟಾಯಿತು. ನಾನು ಇವರಿಗೆ ಕಲಿಸಿದ್ದು ಕ್ಲಚ್ ಇರುವ ಕಾರಿನಲ್ಲಿ. ಈ ಗಾಡಿಗೆ ಕ್ಲಚ್ಚೇ ಇಲ್ಲ, ಗೇರನ್ನು ಅದೇ ಬದಲಿಸಿಕೊಳ್ಳುತ್ತದೆ. ತಿರುವು ಬಂದ ಕೂಡಲೇ ಇವರ ಎಡಗಾಲು ಹಳೆಯ ಪಾಠ ನೆನಪಿಸಿಕೊಂಡು ಕ್ಲಚ್ ತುಳಿಯಲು ಹೋಯಿತು, ಸಿಕ್ಕಿದ್ದು ಅಗಲವಾದ ಬ್ರೇಕು. ಅದೇ ಗಳಿಗೆಯಲ್ಲಿ ನನ್ನ ಬಲಗಾಲು ನನ್ನ ಬ್ರೇಕನ್ನು ತುಳಿಯಿತು, ಸಿಕ್ಕಿದ್ದು ಬರೀ ನೆಲ. ಇಲ್ಲದ ಕ್ಲಚ್ಚನ್ನು ಅವರು ತುಳಿದರು, ಇಲ್ಲದ ಬ್ರೇಕನ್ನು ನಾನು ತುಳಿದೆ. ಗಾಡಿ ಮುಗ್ಗರಿಸಿ ನಿಂತಿತು. ಹೊಲಿಗೆ ಹಾಕಿದ ಮೊಣಕಾಲಿನ ನೋವಿಗೆ ಹಾಡಹಗಲೇ ನಕ್ಷತ್ರ ಕಂಡವು.

"ಪೆಟ್ಟಾಯ್ತಾ?" ಎಂದರು.

"ನೀವು ರಸ್ತೆ ನೋಡ್ರೀ!" ಎಂದೆ.

ಆಮೇಲೆ ಎಡಗಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡು ಓಡಿಸಿದರು. ನಾನು ಮಾತ್ರ ಪ್ರತಿ ಸಿಗ್ನಲ್ಲಿನಲ್ಲಿ, ಪ್ರತಿ ಉಬ್ಬಿನಲ್ಲಿ ತುಳಿದೇ ತುಳಿದೆ. ಮನೆಗೆ ಬಂದಾಗ ಅವರ ಅಂಗಿ ಗರಿಗರಿಯಾಗಿತ್ತು, ನನ್ನದು ಹಿಂಡುವ ಹಾಗಿತ್ತು. ಗಾಡಿಯಲ್ಲಿ ಯಾವ ದೋಷವೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಅದರ ಕಡೆ ಗಮನ ಕೊಡಲು ಪುರುಸೊತ್ತೇ ಸಿಗಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಹಳದಿ ದೀಪ ಬಂತು. ಮೀಟರಿನ ಮಧ್ಯೆ, ಎಂಜಿನ್ನಿನ ಚಿತ್ರ ಬರೆದ ದೀಪ. ಇವರು, "ಚೆನ್ನಾಗಿದೆಯಲ್ಲ ಬಣ್ಣ," ಎಂದರು.

ನೇರ ಗ್ಯಾರೇಜಿಗೆ ಹೋದೆವು. ಗ್ಯಾರೇಜಿನವನು ನನ್ನ ಹಳೆಯ ಶಿಷ್ಯ. ಮೂರು ಸಲ ಟೆಸ್ಟಿನಲ್ಲಿ ಫೇಲಾಗಿ ನಾಲ್ಕನೇ ಸಲ ಪಾಸಾದವನು, ಹಾಗಾಗಿ ನಮ್ಮ ಮನೆಯಲ್ಲಿ ಅವನ ಹೆಸರು ನಾಲ್ಕನೇಸಲ. ಬಾಯಿ ಮುಚ್ಚಿದ್ದನ್ನು ನಾನು ನೋಡಿಲ್ಲ. ಒಂದು ಯಂತ್ರವನ್ನು ಗಾಡಿಗೆ ಸಿಕ್ಕಿಸಿ, ಅದು ತೋರಿಸಿದ್ದನ್ನು ಓದಿ, ಗಲ್ಲ ಕೆರೆದುಕೊಂಡ.

"ಟೀಚರ್, ಇದು ಹೊಗೆ ಅಳೆಯೋ ಸಣ್ಣ ಭಾಗ. ಅದು ಕೆಟ್ಟಿರಬಹುದು. ಇಲ್ಲಾ ಅದರ ತಂತಿ ಕೆಟ್ಟಿರಬಹುದು. ಇಲ್ಲಾ ಎರಡೂ ಸರಿಯಾಗಿದ್ದು ದೀಪಾನೇ ಸುಳ್ಳು ಹೇಳ್ತಿರಬಹುದು."

"ಹಾಗಾದ್ರೆ ನಿನಗೆ ಗೊತ್ತಿಲ್ಲ ಅಂತ ಹೇಳು."

"ಗೊತ್ತಿಲ್ಲ ಅಂತಲ್ಲ ಟೀಚರ್. ಇಂಥ ಗಾಡಿ ಬಗ್ಗೆ ಗೊತ್ತು ಅಂತ ಹೇಳೋಕಾಗಲ್ಲ."

ದೀಪ ಆರಿಸಿ ಕಳಿಸಿದ. ಹೊರಡುವಾಗ ನಾನು ಕುಂಟುತ್ತ ಗಾಡಿಯ ಹಿಂದೆ ಹಾದೆ. ಡಿಕ್ಕಿಯ ಬಾಗಿಲು ತಾನಾಗಿ ಮೇಲೆದ್ದಿತು. ಕೆಳಗೆ ಕಾಲು ಬೀಸಿದರೆ ತೆರೆದುಕೊಳ್ಳುವ ಬಾಗಿಲಂತೆ ಅದು. ಕುಂಟುವ ಕಾಲು ಅದರ ಪಾಲಿಗೆ ಬೀಸುವ ಕಾಲು. ಮುಚ್ಚಿದೆ, ಮತ್ತೆ ಕುಂಟಿದೆ, ಮತ್ತೆ ತೆರೆಯಿತು. ನಾಲ್ಕನೇಸಲ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನನಗೂ ನಗು ತಡೆಯಲಾಗಲಿಲ್ಲ.

ಮಾರ್ಚ್ ೧೬, ಭಾನುವಾರ

ಅತ್ತೆಯವರು ತಾವೂ ಬರುತ್ತೇನೆಂದರು. ಎಂಬತ್ತೆರಡು ವರ್ಷ, ಆದರೂ ಈ ಮನೆಯಲ್ಲಿ ಎಲ್ಲರಿಗಿಂತ ಎತ್ತರ ಅವರೇ. ಹಿಂದಿನ ಸೀಟಿನಲ್ಲಿ ಕೂರಿಸಿದೆವು. ನಾನು ಮರುಳಾದ ಆ ಇಳಿಜಾರು ಚಾವಣಿ ಅವರ ತುರುಬನ್ನು ಒತ್ತಿ ಹಣೆಯವರೆಗೆ ತಂದಿತು.

"ಈ ಗಾಡಿ ಮಾಡಿದವನಿಗೆ ಅಮ್ಮ ಇರ್ಲಿಲ್ವಾ?" ಎಂದರು.

ಅವರನ್ನು ಮುಂದೆ ಕೂರಿಸಿ ನಾನು ಹಿಂದೆ ಹೋದೆ. ಅಲ್ಲಿಂದ ರಸ್ತೆ ಕಾಣದು, ಕನ್ನಡಿ ಕಾಣದು, ಹಿಂದಿನ ಗಾಜು ಟಪಾಲು ಡಬ್ಬಿಯ ಬಾಯಿಯಷ್ಟೇ ಅಗಲ. ಕುರುಡಾಗಿ ಕೂತಿದ್ದೆ. ಮಾರುಕಟ್ಟೆಯ ಹತ್ತಿರ ಯಾವುದೋ ಹಾರ್ನ್ ಕೇಳಿದ್ದೇ ತಡ, ಇದ್ದ ಶಕ್ತಿಯೆಲ್ಲ ಹಾಕಿ ಬ್ರೇಕ್ ತುಳಿದೆ. ಅದು ಅತ್ತೆಯವರ ಸೀಟಿನ ಬೆನ್ನು.

"ಏನಮ್ಮಾ, ಒದೀತೀಯಾ?"

"ಇಲ್ಲ ಅತ್ತೆ, ಬ್ರೇಕ್ ಹಾಕಿದೆ."

"ಅವನು ಹಾಕ್ತಿದಾನಲ್ಲ. ಎಷ್ಟು ಜನ ಹಾಕ್ಬೇಕು?"

ಮುಂದೆ ಇವರ ಭುಜ ಕುಣಿಯುತ್ತಿತ್ತು. ನಗುತ್ತ ಓಡಿಸಬಾರದು ಎಂದು ಹೇಳಬೇಕೆನಿಸಿತು, ನುಂಗಿಕೊಂಡೆ.

ಮಾರ್ಚ್ ೧೯, ಬುಧವಾರ

ಕಾಲಿನ ವ್ಯಾಯಾಮ ಹೇಳಿಕೊಡುವ ಹುಡುಗಿ, ಫಿಸಿಯೋ, ಇವತ್ತು ನನ್ನ ತೊಡೆ ಮುಟ್ಟಿ ನೋಡಿ ಬೆರಗಾದಳು. ಸ್ನಾಯು ಇಷ್ಟು ಬೇಗ ಗಟ್ಟಿಯಾದವರನ್ನು ಅವಳು ನೋಡಿಲ್ಲವಂತೆ. "ನಾನು ಹೇಳಿದ ವ್ಯಾಯಾಮ ತಪ್ಪದೆ ಮಾಡ್ತಿದೀರಿ ಅಂತಾಯ್ತು," ಎಂದಳು. ನಾನು ಒಂದು ದಿನವೂ ಮಾಡಿಲ್ಲ, ಆದರೂ ಹೊಗಳಿಕೆಯನ್ನು ಯಾರು ಬಿಡುತ್ತಾರೆ, ಹೂಂ ಎಂದೆ.

ಇವರು ಬಾಗಿಲ ಹತ್ತಿರ ನಿಂತು, "ದಿನಾ ಗಾಡಿಯಲ್ಲಿ ಮಾಡ್ತಾಳೆ. ನಾನು ಎಷ್ಟು ಸಲ ಬ್ರೇಕ್ ಹಾಕ್ತೀನೋ ಅದಕ್ಕೆ ಎರಡರಷ್ಟು," ಎಂದರು. ಮನೆಯ ಮಾತು ಹೊರಗೆ ಹೇಳುವ ಅಭ್ಯಾಸ ಇವರಿಗೆ ಯಾವಾಗಿನಿಂದ ಬಂತೋ.

ಮಾರ್ಚ್ ೨೦, ಗುರುವಾರ

ಬೆಳಗ್ಗೆ ನೋಡಿದರೆ ಗಾಡಿಯ ಹಿಂಭಾಗ ನೆಲಕ್ಕೆ ಕುಕ್ಕರಿಸಿದೆ. ಎಂಜಿನ್ ಶುರು ಮಾಡಿದ ಮೇಲೆ ಉಸ್ಸೆಂದು ಎದ್ದು ನಿಂತಿತು. ಹಿಂದಿನ ಚಕ್ರಗಳ ಮೇಲೆ ಗಾಳಿ ತುಂಬಿದ ರಬ್ಬರ್ ಚೀಲಗಳಿವೆಯಂತೆ, ಒಂದರಲ್ಲಿ ಸಣ್ಣ ಸೋರಿಕೆ. ನಾಲ್ಕನೇಸಲನ ಪ್ರಕಾರ ಅದು ಹೀಗೇ ವರ್ಷಗಟ್ಟಲೆ ಇರಬಹುದು, ಇಲ್ಲದಿದ್ದರೆ ಬರುವ ವಾರವೇ ಹೋಗಬಹುದು.

ಅತ್ತೆ ಕಿಟಕಿಯಿಂದ ನೋಡಿ, "ನನ್ನ ಹಾಗೇ. ಬೆಳಗ್ಗೆ ಏಳೋದು ಸ್ವಲ್ಪ ಕಷ್ಟ," ಎಂದರು.

ನಾನು ನಗಲಿಲ್ಲ. ಮಧ್ಯಾಹ್ನವಿಡೀ ತಲೆ ಕೆಟ್ಟುಹೋಗಿತ್ತು. ಎಷ್ಟೋ ವರ್ಷ ಕಾದು ಕೊಂಡದ್ದು, ಅದೂ ಹೀಗಾದರೆ?

ಮಾರ್ಚ್ ೨೩, ಭಾನುವಾರ

ಇವರೇ ಹೇಳಿದ್ದು, "ಊರೊಳಗೆ ಸುತ್ತಿದ್ರೆ ಗಾಡಿ ಗುಣ ಗೊತ್ತಾಗಲ್ಲ, ಅಣೆಕಟ್ಟಿನವರೆಗೆ ಹೋಗಿ ಬರೋಣ," ಎಂದು. ಭಾನುವಾರ ಅರ್ಧ ದಿನ ಅಂಗಡಿ ತೆರೆಯುವವರು ಇವತ್ತು ಬೀಗವನ್ನೇ ತೆಗೆಯಲಿಲ್ಲ.

ಆ ರಸ್ತೆಯಲ್ಲಿ ನಾನು ಕಲಿಸದ ದಿನವಿಲ್ಲ. ಟೆಸ್ಟಿಗೆ ಮೊದಲು ಎಲ್ಲರನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಇವತ್ತು ಏರು ಹತ್ತುವಾಗ ಶಾಲೆಯ ಕನ್ನಡಿ ಗಾಜಿನಿಂದ ಬಿಟ್ಟು ನನ್ನ ಮಡಿಲಿಗೆ ಬಿತ್ತು. ಬಿಸಿಲಿಗೆ ರಬ್ಬರ್ ಸೋತಿರಬೇಕು. ಮತ್ತೆ ಅಂಟಿಸೋಣ ಎಂದುಕೊಂಡೆ. ಅಷ್ಟರಲ್ಲಿ ಬಲಗಡೆ ಮರಗಳ ಹಿಂದೆ ಕುದುರೆಗಳು ಕಂಡವು. ಕೆಂಚು ಬಣ್ಣದವು, ಒಂದು ಬಿಳಿಯದು. ಬೇಲಿಯ ಮೇಲೆ ಕತ್ತಿಟ್ಟು ನಿಂತಿದ್ದವು.

"ಇಲ್ಲಿ ಕುದುರೆ ಲಾಯ ಯಾವಾಗ ಬಂತು?" ಎಂದೆ.

"ಮೊದಲಿಂದ್ಲೂ ಇದೆ. ನೀನು ನನಗೆ ಕಲಿಸುವಾಗ್ಲೂ ಇತ್ತು."

"ಕಲಿಯುವಾಗ ನೀವು ಕುದುರೆ ನೋಡ್ತಿದ್ರಾ?"

"ಬ್ರೇಕ್ ನಿನ್ನ ಹತ್ರ ಇತ್ತಲ್ಲ," ಎಂದರು.

ಇವರು ಓಡಿಸುವ ರೀತಿಯ ಬಗ್ಗೆ ಒಂದು ಮಾತು. ವೇಗ ಸಾಲದು, ಇನ್ನೊಂದು ಗಾಡಿಯನ್ನು ಹಿಂದೆ ಹಾಕುವ ಧೈರ್ಯವಿಲ್ಲ, ಲಾರಿ ಕಂಡರೆ ಮದುವೆಗೆ ಬಂದವರಿಗೆ ಬಿಡುವ ಹಾಗೆ ದಾರಿ ಬಿಡುತ್ತಾರೆ. ಆದರೆ ಆ ಪಾದ ಮಾತ್ರ ಬೇರೆ. ನಲವತ್ತು ವರ್ಷ ಹೊಲಿಗೆ ಯಂತ್ರದ ಪೆಡಲು ತುಳಿದ ಪಾದ. ತೆಳು ಬಟ್ಟೆ ಹೊಲಿಯುವಾಗ ಸೂಜಿಯನ್ನು ಹೇಗೆ ನಿಲ್ಲಿಸುತ್ತಾರೋ ಗಾಡಿಯನ್ನೂ ಹಾಗೇ ನಿಲ್ಲಿಸುತ್ತಾರೆ. ನಿಂತದ್ದೇ ತಿಳಿಯುವುದಿಲ್ಲ. ನನ್ನ ಶಿಷ್ಯರಲ್ಲಿ ಒಬ್ಬರಿಗೂ ಇದನ್ನು ಕಲಿಸಲು ನನ್ನಿಂದ ಆಗಲಿಲ್ಲ. ಇವರಿಗೆ ಹೇಳಿಲ್ಲ, ಹೇಳಿದರೆ ತಲೆ ತಿರುಗುತ್ತದೆ.

ಅಣೆಕಟ್ಟಿನ ಮೇಲೆ ಗಾಳಿ ಚೆನ್ನಾಗಿತ್ತು. ಬ್ರೆಡ್ಡು, ಮೊಟ್ಟೆ ತಿಂದೆವು. ಗಾಡಿಯ ನೆರಳಿನಲ್ಲಿ ಕೂತು ಇಬ್ಬರೂ ನೀರು ನೋಡಿದೆವು. ನನಗೆ ಬಹಳ ಸಂತೋಷವಾಗಿತ್ತು.

ಡ್ಯಾಶ್‌ಬೋರ್ಡಿನೊಳಗೆ ಎಲ್ಲೋ ಕಟಕಟ ಶಬ್ದ ಬರುತ್ತಿದೆ ಎಂದು ಮನೆಗೆ ಬಂದ ಮೇಲೆ ಇವರು ಹೇಳಿದರು. ಇಡೀ ದಾರಿ ಬರುತ್ತಿತ್ತಂತೆ. ನನಗೆ ಹೇಗೆ ಕೇಳಲಿಲ್ಲವೋ.

ಮಾರ್ಚ್ ೨೬, ಬುಧವಾರ

ಫಿಸಿಯೋ ಹುಡುಗಿಗೆ ಅಸಮಾಧಾನ. ಹೋದ ವಾರ ಕುದುರೆಯ ಹಾಗೆ ಓಡಿದ ತೊಡೆ ಈ ವಾರ ಇದ್ದಲ್ಲೇ ಇದೆಯಂತೆ. "ವ್ಯಾಯಾಮ ನಿಲ್ಲಿಸಿಬಿಟ್ರಾ?" ಎಂದು ಕೇಳಿದಳು. ಶುರುವೇ ಮಾಡದ್ದನ್ನು ನಿಲ್ಲಿಸುವುದು ಹೇಗೆ? ದಿನಾ ಗಾಡಿಯಲ್ಲಿ ಹೋಗುತ್ತಲೇ ಇದ್ದೇವೆ, ಮೊದಲಿಗಿಂತ ಹೆಚ್ಚು. ಅವಳ ಅಳತೆಯಲ್ಲೇ ಏನೋ ತಪ್ಪಿರಬೇಕು. ಇವರಿಗೆ ಟೇಪು ತರಲು ಹೇಳುತ್ತೇನೆ.

ಮಾರ್ಚ್ ೨೯, ಶನಿವಾರ

ಹಳದಿ ದೀಪ ಮತ್ತೆ ಬಂತು. ಜೊತೆಗೆ ಇವತ್ತು ಏರಿನಲ್ಲಿ ಗೇರ್ ಬದಲಾಗುವಾಗ ಗಾಡಿ ಒಮ್ಮೆ ಬಿಕ್ಕಳಿಸಿತು. ದೀಪಕ್ಕೆ, ಗಾಳಿ ಚೀಲಕ್ಕೆ, ಕಟಕಟಕ್ಕೆ ನಾನು ಹೇಗೋ ಸಮಾಧಾನ ಹೇಳಿಕೊಳ್ಳಬಲ್ಲೆ. ಗೇರ್‌ಬಾಕ್ಸ್ ಹೋದರೆ ಮಾತ್ರ ಮುಗಿಯಿತು, ಆ ಖರ್ಚಿಗೆ ಇನ್ನೊಂದು ಸಣ್ಣ ಕಾರೇ ಬರುತ್ತದೆ. ನಾಲ್ಕನೇಸಲನನ್ನು ಕೂರಿಸಿಕೊಂಡು ಎರಡು ಸುತ್ತು ಹಾಕಿಸಿದೆ.

"ಇದು ಹತ್ತು ವರ್ಷ ಹೀಗೇ ಬಿಕ್ಕಳಿಸ್ಕೊಂಡು ಇರಬಹುದು ಟೀಚರ್. ಇಲ್ಲಾ ನಾಳೆ ಬೆಳಗ್ಗೆ ನಿಂತೂ ಹೋಗಬಹುದು."

"ನೀನು ಪ್ರತಿ ಸಲ ಇದನ್ನೇ ಹೇಳ್ತೀಯ. ನನಗೆ ಗ್ಯಾರಂಟಿ ಬೇಕು."

"ನಾಲ್ಕನೇ ಸಲ ನನ್ನನ್ನ ಟೆಸ್ಟಿಗೆ ಕಳಿಸುವಾಗ ನಿಮಗೆ ಗ್ಯಾರಂಟಿ ಇತ್ತಾ ಟೀಚರ್?"

ಇರಲಿಲ್ಲ. ಆದರೆ ಅವನನ್ನು ನಾನು ಹಣ ಕೊಟ್ಟು ಕೊಂಡಿರಲಿಲ್ಲ.

ಸಂಜೆ ತೀರ್ಮಾನಿಸಿದೆ, ವಾಪಸ್ ಕೊಡುವುದೇ ಸರಿ. ಒಂದೇ ಒಂದು ದಿನವೂ ಸ್ಟಿಯರಿಂಗ್ ಹಿಡಿಯದೆ ಕೊಡುವುದೆಂದರೆ ಹೊಟ್ಟೆ ಉರಿಯುತ್ತದೆ. ಇದು ಹೋದರೆ ಇನ್ನೊಂದು ಕೊಳ್ಳುವ ಮನಸ್ಸು ನನಗೆ ಬರುವುದಿಲ್ಲ ಎಂಬುದೂ ಗೊತ್ತು. ಆದರೆ ಯಾವಾಗ ಕೈಕೊಡುತ್ತದೋ ಎಂದು ಭಯಪಡುತ್ತ ಓಡಿಸುವ ಗಾಡಿ ನನಗೆ ಬೇಡ. ಭಯಪಡುತ್ತ ಕೂತದ್ದು ಮೂವತ್ತು ವರ್ಷಕ್ಕೆ ಸಾಕು.

ಇವರಿಗೆ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದರು. "ನಿನ್ನ ಗಾಡಿ, ನಿನ್ನ ಇಷ್ಟ," ಎಂದರು. ಆ ದಾರ ಮೂರು ಸಲ ತಪ್ಪಿತು.

ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಿಂದ ನೋಡಿದರೆ ಗಾಡಿಯ ಬಾಗಿಲು ತೆರೆದು, ಮೊಣಕಾಲೂರಿ, ಓಡಿಸುವವರ ಸೀಟಿನ ಬಿಟ್ಟ ಹೊಲಿಗೆಯನ್ನು ದಪ್ಪ ದಾರದಿಂದ ಹಾಕುತ್ತಿದ್ದರು.

"ವಾಪಸ್ ಕೊಡೋದನ್ನ ಯಾಕೆ ಹೊಲೀತೀರಿ?" ಎಂದು ಮೇಲಿನಿಂದ ಕೂಗಿದೆ.

"ಬಿಟ್ಟಿರೋ ಹೊಲಿಗೆ ನೋಡ್ಕೊಂಡು ಇರೋಕಾಗಲ್ಲ ನನ್ನಿಂದ," ಎಂದರು, ತಲೆ ಎತ್ತದೆ.

ಏಪ್ರಿಲ್ ೧, ಮಂಗಳವಾರ

ಬ್ರೆಡ್ ತರುತ್ತೇನೆಂದು ಗಾಡಿ ತೆಗೆದುಕೊಂಡು ಹೋದರು. ಬೇಕರಿ ಎದುರು ರಸ್ತೆಯಲ್ಲಿದೆ. ಬಂದದ್ದು ಟೀ ಆರಿ ತಣ್ಣಗಾದ ಮೇಲೆ. ಬಿಸಿ ಬ್ರೆಡ್ ಬೇಕಿತ್ತು, ಹಾಗಾಗಿ ಊರಾಚೆಯ ಬೇಕರಿಗೆ ಹೋಗಿದ್ದೆ ಎಂದರು. ತಂದ ಬ್ರೆಡ್ಡೂ ತಣ್ಣಗೇ ಇತ್ತು.

ಅತ್ತೆ ನನ್ನನ್ನು ನೋಡಿದರು, ನಾನು ಬ್ರೆಡ್ಡನ್ನು ನೋಡಿದೆ.

ಏಪ್ರಿಲ್ ೩, ಗುರುವಾರ

ಮಧ್ಯಾಹ್ನದ ಟೀ ಮುಗಿಸಿ ಹೊರಟೆವು. ಇನ್ನೊಂದು ಕೀಲಿ, ಕಾಗದಪತ್ರ, ಎಲ್ಲ ನನ್ನ ಕೈಚೀಲದಲ್ಲಿತ್ತು. ಇವರು ಬೆಳಗ್ಗೆಯೇ ಗಾಡಿ ತೊಳೆದು ಒರೆಸಿದ್ದರು. ಅತ್ತೆ ಬಾಗಿಲವರೆಗೆ ಬಂದು, "ಕೊಟ್ಟು ಬರೋರು ಆಟೋದಲ್ಲಿ ಬನ್ನಿ, ಬಸ್ಸಿಗೆ ನಿಲ್ಲಬೇಡ, ಕಾಲು ನೋಯುತ್ತೆ," ಎಂದು ಹೇಳಿ ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಶೋರೂಮ್ ಊರಿನ ಆ ತುದಿಯಲ್ಲಿ, ಹೊರವರ್ತುಲ ರಸ್ತೆಯ ಮೇಲೆ. ಟೈ ಯುವಕನಿಗೆ ಏನೇನು ಹೇಳಬೇಕೆಂದು ನಾನು ಜೋಡಿಸಿಕೊಳ್ಳುತ್ತಿದ್ದೆ. ದೀಪ, ಗಾಳಿ ಚೀಲ, ಕಟಕಟ, ಬಿಕ್ಕಳಿಕೆ. ಇವರು ಎಂದಿನಂತೆ ನಿಧಾನವಾಗಿ, ಎಲ್ಲರಿಗೂ ದಾರಿ ಬಿಡುತ್ತ ಓಡಿಸುತ್ತಿದ್ದರು. ಬಿಸಿಲು ನನ್ನ ಕಡೆಯ ಗಾಜಿನಿಂದ ಬೀಳುತ್ತಿತ್ತು. ಅವರು ಕೈ ಚಾಚಿ ಬಿಸಿಲಿಗೆ ಅಡ್ಡ ಹಲಗೆ ಇಳಿಸಿದರು. ಸ್ಟಿಯರಿಂಗಿನಿಂದ ಕೈ ತೆಗೆಯಬೇಡಿ ಎನ್ನಬೇಕಿತ್ತು. ಮೇಲ್ಸೇತುವೆಯ ಸಿಗ್ನಲ್ ನೆನಪಿದೆ.

ಆಮೇಲೆ ಯಾರೋ ಗಾಜು ತಟ್ಟಿದರು. ಕಣ್ಣು ಬಿಟ್ಟರೆ ಪೆಟ್ರೋಲ್ ಬಂಕು. ಟೋಪಿ ಹಾಕಿದ ಬಂಕಿನ ಹೆಂಗಸು ಬಗ್ಗಿ ಒಳಗೆ ನೋಡುತ್ತಿದ್ದಳು. ಹೊರಗೆ ದೀಪಗಳು ಹತ್ತಿದ್ದವು. ನನ್ನ ಕತ್ತು ಓರೆಯಾಗಿತ್ತು, ಕಾಲು ಎರಡೂ ಚಾಚಿದ್ದವು, ಕೈಚೀಲ ಕೆಳಗೆ ಬಿದ್ದಿತ್ತು. ಮೊಣಕಾಲಿನ ಮಾತ್ರೆಯ ಮಂಪರಿರಬೇಕು ಎಂದುಕೊಂಡೆ. ಮಾತ್ರೆ ನಿಲ್ಲಿಸಿ ವಾರದ ಮೇಲಾಯಿತೆಂದು ಆಮೇಲೆ ಹೊಳೆಯಿತು.

"ಶೋರೂಮು?" ಎಂದೆ.

"ಮುಚ್ಚಿತು," ಎಂದರು ಇವರು.

"ಯಾಕ್ರೀ ಎಬ್ಬಿಸ್ಲಿಲ್ಲ?"

ಇವರು ಸ್ಟಿಯರಿಂಗ್ ನೋಡುತ್ತ ಹೇಳಿದರು, "ಮದುವೆ ಆದಾಗಿಂದ ನೀನು ಗಾಡಿಯಲ್ಲಿ ಕಣ್ಣು ಮುಚ್ಚಿದ್ದು ನಾನು ನೋಡಿಲ್ಲ. ಬಸ್ಸಿನಲ್ಲೂ ಇಲ್ಲ, ಬೇರೆಯವರ ಕಾರಿನಲ್ಲೂ ಇಲ್ಲ. ನಿಂತ್ರೆ ಎದ್ದುಬಿಡ್ತೀಯ ಅಂತ ನಿಲ್ಲಿಸ್ಲಿಲ್ಲ. ಅಲ್ಲಿಗೆ ಎರಡು ಸಲ ಹೋದೆ ಕಣೆ. ಒಂದ್ಸಲ ಗೇಟಿನ ಒಳಗೂ ತಿರುಗಿಸ್ದೆ. ಆ ಟೈ ಹುಡುಗ ಕೈ ಬೀಸ್ದ. ನಾನೂ ಕೈ ಬೀಸಿ, ಒಂದು ಸುತ್ತು ಹಾಕಿ ಹೊರಗೆ ಬಂದೆ."

"ಆಮೇಲೆ?"

"ಆಮೇಲೆ ಓಡಿಸ್ತಾ ಇದ್ದೆ. ಪೆಟ್ರೋಲ್ ಮುಗೀತಾ ಬಂತು."

ಕೋಪ ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಜ್ವರ ಬಿಟ್ಟ ಮಗುವಿನ ಹಾಗೆ ಮೈಯೆಲ್ಲ ಹಗುರವಾಗಿತ್ತು. ಏನಾದರೂ ಬೈಯಲೇಬೇಕಲ್ಲ ಎಂದು, "ಅಷ್ಟು ಸುತ್ತಿದ್ರಲ್ಲ, ತಿರುವಿನಲ್ಲಿ ಇಂಡಿಕೇಟರ್ ಹಾಕಿದ್ರಾ?" ಎಂದು ಕೇಳಿದೆ.

"ಎಲ್ಲ ಕಡೆ ಹಾಕ್ದೆ. ಆದ್ರೆ ಅದು ಟಿಕ್ ಟಿಕ್ ಅನ್ನುತ್ತಲ್ಲ, ಅದಕ್ಕೆಲ್ಲಿ ನಿನಗೆ ಎಚ್ಚರ ಆಗುತ್ತೋ ಅಂತ ಪ್ರತಿ ತಿರುವಿನಲ್ಲೂ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ."

ನಾನು ಬೇರೆ ಕಡೆ ನೋಡಿದೆ.

ಬಂಕಿನ ಹೆಂಗಸು ಪೈಪ್ ಹಿಡಿದು ಕಾಯುತ್ತಿದ್ದಳು. "ಎಷ್ಟು ಹಾಕ್ಲಿ ಸರ್?" ಎಂದಳು.

ಇವರು ನನ್ನ ಮುಖ ನೋಡಿದರು.

ನಾನು ಅವರ ಮುಂದಿನಿಂದ ಬಗ್ಗಿ, ಅವಳಿಗೆ ಕೇಳುವಂತೆ ಹೇಳಿದೆ.

"ಫುಲ್ ಮಾಡಮ್ಮ."